ಹಾಡಿನ ಅಂಕಿತ

ಪೊಳಲಿಯ ಓದುಗ ತಾಯಿಯೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮನೆತನ ಬಯಲುಸೀಮೆಯದು. ಪತಿಯ ಉದ್ಯೋಗದ ನಿಮಿತ್ತ ಬಂಟ್ವಾಳ ತಾಲೂಕಿಗೆ ಬಂದು, ಫಲ್ಗುಣಿ ನದಿಯ ದಂಡೆಯ ಆ ಊರಿನಲ್ಲಿ ನೆಲೆನಿಂತು ದಶಕಗಳೇ ಕಳೆದಿವೆ. ಬರುವಾಗ ವಚನಗಾಯನದ ಕ್ಯಾಸೆಟ್ಟುಗಳನ್ನು ತಂದರು. ಬಂದ ಮೇಲೆ ಯಕ್ಷಗಾನದ ಕ್ಯಾಸೆಟ್ಟುಗಳನ್ನು ಕೊಂಡರು. ಹೀಗೆ ಎರಡು ಸೀಮೆಗಳ ಗಾನ ಒಂದೇ ಪೆಟ್ಟಿಗೆಯಲ್ಲಿ ಕೂಡಿಕೊಂಡಿತು. ಈಚೆಗೆ ಅವರ ಮೊಮ್ಮಗ ಅವೆಲ್ಲವನ್ನೂ ಎಂಪಿ3 ಫೈಲುಗಳನ್ನಾಗಿಸಿ, ಮನೆಯ ಹಳೆಯ ಕಂಪ್ಯೂಟರೊಂದರಲ್ಲಿ ತುಂಬಿಸಿ, ವೈಫೈ ಮೂಲಕ ಪಡಸಾಲೆಯ ಟಿ.ವಿ.ಯಲ್ಲಿಯೂ ಮನೆಮಂದಿಯ ಮೊಬೈಲುಗಳಲ್ಲಿಯೂ ಕೇಳುವಂತೆ ಅಣಿಗೊಳಿಸಿದ್ದಾನೆ.

ಇಷ್ಟೆಲ್ಲ ಆದ ಮೇಲೆಯೂ ಆ ತಾಯಿಗೆ ಒಂದು ಕೊರಗು. ಹಾಡು ಕೇಳಿಸುತ್ತದೆ, ಹಾಡಿದವರ ಮುಖ ಕಾಣಿಸುವುದಿಲ್ಲ. ಕೆಲವು ಹಾಡುಗಳಿಗೆ ಪರದೆಯ ಮೇಲೆ ಬರಿಯ ಬೂದುಬಣ್ಣದ ಚೌಕವೊಂದು ತೋರುತ್ತದೆ. ಇನ್ನು ಕೆಲವಕ್ಕೆ ತಪ್ಪು ಚಿತ್ರವೇ ಬರುತ್ತದೆ: ಬಸವರಾಜ ರಾಜಗುರುಗಳು ಹಾಡುತ್ತಿರುವಾಗ ಮಲ್ಲಿಕಾರ್ಜುನ ಮನಸೂರರ ಚಿತ್ರ. ಮಳೆಗಾಲ ಹಿಡಿದ ಮೇಲೆ ಇದ್ದ ಚಿತ್ರಗಳೂ ಒಮ್ಮೆಲೇ ಮಾಯವಾದವಂತೆ. “ಮರಿಮಗಳು ಚಿತ್ರ ನೋಡಿ ಹೆಸರು ಹೇಳುತ್ತಾಳೆ, ತಪ್ಪು ಚಿತ್ರ ನೋಡಿ ತಪ್ಪು ಹೆಸರನ್ನೇ ಕಲಿಯುತ್ತಿದ್ದಾಳೆ. ಇದಕ್ಕೆ ಪರಿಹಾರವುಂಟೆ? ಅಥವಾ ಹಾಡು ಕೇಳಿದರೆ ಸಾಕು, ಚಿತ್ರದ ಹಂಬಲವೇಕೆ ಎಂದು ಸುಮ್ಮನಿರಲೆ?” ಎಂದು ಕೇಳಿದ್ದಾರೆ.

ಸುಮ್ಮನಿರಬಾರದು ಎಂಬುದೇ ನಮ್ಮ ಉತ್ತರ. ಏಕೆಂಬುದನ್ನು ಮೊದಲು ಹೇಳಿ, ಅನಂತರ ಪರಿಹಾರಕ್ಕೆ ಬರುತ್ತೇವೆ.

ವಚನವೊಂದು ಯಾರದೆಂದು ನಾವು ಗುರುತಿಸುವುದು ಅದರ ಅಂಕಿತದಿಂದ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ, ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದಾಗ, ಶತಮಾನಗಳ ಹಿಂದಿನ ಮಾತನ್ನು ಅದರ ಕರ್ತೃವಿಗೆ ಒಪ್ಪಿಸುವುದು ಸಾಧ್ಯವಾದದ್ದು ಆ ಅಂಕಿತಗಳ ಬಲದಿಂದ. ಕಟ್ಟಿನ ಹಲಗೆ ಮುರಿದಿರಬಹುದು, ದಾರ ಕಡಿದು ಗರಿಗಳು ಚೆದುರಿರಬಹುದು. ಅಂಕಿತ ಮಾತ್ರ ವಚನದ ಒಡಲಲ್ಲಿಯೇ ಉಳಿದಿರುತ್ತದೆ.

ಧ್ವನಿಮುದ್ರಣದ ಚರಿತ್ರೆಯಲ್ಲಿಯೂ ಇಂತಹುದೇ ಒಂದು ಸಂಗತಿಯುಂಟು. 1902ರಲ್ಲಿ ಕೋಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಅದು ಆತ್ಮಪ್ರಶಂಸೆಯಲ್ಲ. ತಟ್ಟೆಗಳು ಸಿದ್ಧವಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಭಾಷೆಯೂ ತಿಳಿಯದು, ಧ್ವನಿಯೂ ಪರಿಚಿತವಲ್ಲ. ಯಾರ ಹಾಡೆಂದು ತಿಳಿಯಲು ಹಾಡಿನೊಳಗೇ ಹೆಸರಿರಬೇಕಾಗಿತ್ತು. ಆ ಗಾಯಕಿ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆಯ ಆ ಅಂಕಿತ ಇಂದಿಗೂ ತಟ್ಟೆಗಳಲ್ಲಿ ಕೇಳಿಸುತ್ತದೆ. ಅನಂತರದ ಕಾಲದಲ್ಲಿ ಆ ಕೆಲಸವನ್ನು ತಟ್ಟೆಯ ನಡುವಣ ಚೀಟಿ, ಹೊದಿಕೆಯ ಚಿತ್ರ, ಕ್ಯಾಸೆಟ್ಟಿನ ಡಬ್ಬಿಯೊಳಗಣ ಮಡಿಕೆಕಾಗದಗಳು ವಹಿಸಿಕೊಂಡವು. ಹಾಡು ಕಂಪ್ಯೂಟರಿಗೆ ಹೋಗುವಾಗ ಡಬ್ಬಿಯೂ ಕಾಗದವೂ ಹೊರಗುಳಿದವು. ಪೊಳಲಿಯ ತಾಯಿ ಕೇಳುತ್ತಿರುವುದು ಆ ಕಳೆದುಹೋದ ಅಂಕಿತವನ್ನೇ.

ಇನ್ನು ಪರಿಹಾರದ ಮಾತು. ರೋಗದ ಮೂಲ ತಿಳಿಯದೆ ಮದ್ದು ಕೊಡಲಾಗದು. ಆದಕಾರಣ ಚಿತ್ರವು ಎಲ್ಲಿರುತ್ತದೆ, ಹೇಗೆ ಬರುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಚಿತ್ರವು ಎರಡು ಕಡೆ ಇರಬಹುದು. ಒಂದು, ಹಾಡಿನ ಫೈಲಿನ ಒಳಗೇ. ಎಂಪಿ3 ಫೈಲಿಗೆ ಹೆಸರು, ಗಾಯಕ, ಆಲ್ಬಮ್ ಮುಂತಾದ ವಿವರಗಳನ್ನು ಅಂಟಿಸುವ ಏರ್ಪಾಡಿಗೆ ಟ್ಯಾಗ್ ಎನ್ನುತ್ತಾರೆ. 1996ರಲ್ಲಿ ಬಂದ ಮೊದಲ ಬಗೆಯ ಟ್ಯಾಗಿನಲ್ಲಿ ಹಾಡಿನ ಹೆಸರಿಗೆ ಬರಿಯ 30 ಅಕ್ಷರಗಳ ಸ್ಥಳವಿತ್ತು. ಚಿತ್ರಕ್ಕೆ ಎಡೆಯೇ ಇರಲಿಲ್ಲ. 1998ರ ಎರಡನೆಯ ಬಗೆಯಲ್ಲಿ ಯೂನಿಕೋಡ್ ಅಕ್ಷರಗಳಿಗೂ ಚಿತ್ರಕ್ಕೂ ಸ್ಥಳ ದೊರೆಯಿತು. ಎರಡನೆಯ ಸ್ಥಾನ, ಹಾಡುಗಳಿರುವ ಫೋಲ್ಡರಿನಲ್ಲಿ ಬೇರೆಯಾಗಿ ಇಟ್ಟ ಚಿತ್ರ. ಇದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಫೋಲ್ಡರ್’ ಅಥವಾ ‘ಕವರ್’ ಎಂದು ಹೆಸರಿಡುವುದು ರೂಢಿ. ಮೊದಲನೆಯದು ವಚನದೊಳಗಣ ಅಂಕಿತದಂತೆ. ಎರಡನೆಯದು ಓಲೆಕಟ್ಟಿನ ಮೇಲುಹಲಗೆಯಂತೆ. ಹಾಡನ್ನು ಬೇರೆಡೆಗೆ ನಕಲು ಮಾಡಿದಾಗ ಹಲಗೆ ಹಿಂದುಳಿಯುತ್ತದೆ, ಅಂಕಿತ ಜೊತೆಯಲ್ಲಿ ಹೋಗುತ್ತದೆ. ಆದ್ದರಿಂದ ಚಿತ್ರವನ್ನು ಎರಡೂ ಕಡೆ ಇಡುವುದು ಲೇಸು.

ಇನ್ನು ಬರುವ ಬಗೆ. ಹಾಡುಗಳನ್ನು ಇಟ್ಟುಕೊಂಡು ಹಂಚುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಟಿ.ವಿ. ಅದನ್ನು ಕೇಳಿದಾಗ, ಸರ್ವರ್ ಸಾಮಾನ್ಯವಾಗಿ ಚಿತ್ರವನ್ನೇ ಕಳುಹಿಸುವುದಿಲ್ಲ. ಹಾಡುಗಳ ಪಟ್ಟಿಯನ್ನು ಕಳುಹಿಸಿ, ಪ್ರತಿಯೊಂದರ ಮುಂದೆ ‘ಚಿತ್ರ ಇಂಥ ವಿಳಾಸದಲ್ಲಿದೆ’ ಎಂದು ಬರೆದಿರುತ್ತದೆ. ಟಿ.ವಿ. ಆ ವಿಳಾಸಕ್ಕೆ ಇನ್ನೊಮ್ಮೆ ಹೋಗಿ ಚಿತ್ರವನ್ನು ತರಬೇಕು. ಹಾಡಿಗೊಂದು ಪಯಣ, ಚಿತ್ರಕ್ಕೊಂದು ಪಯಣ. ಹಾಡು ಬಂದು ಚಿತ್ರ ಬಾರದಿರುವುದರ ಗುಟ್ಟು ಇಲ್ಲಿದೆ.

ಇಷ್ಟು ತಿಳಿದ ಮೇಲೆ ಪರೀಕ್ಷೆಯನ್ನು ಕ್ರಮವಾಗಿ ಮಾಡಬೇಕು.

ಮೊದಲನೆಯದಾಗಿ, ಚಿತ್ರ ಬಾರದ ಒಂದು ಹಾಡನ್ನು ಕಂಪ್ಯೂಟರಿನಲ್ಲಿಯೇ ಟ್ಯಾಗ್ ತಿದ್ದುವ ತಂತ್ರಾಂಶದಲ್ಲಿ ತೆರೆದು ನೋಡಿರಿ. ಎಂಪಿ3ಟ್ಯಾಗ್, ಕಿಡ್3 ಮೊದಲಾದವು ಇದಕ್ಕೆ ಒದಗುತ್ತವೆ. ಅಲ್ಲಿಯೂ ಚಿತ್ರವಿಲ್ಲದಿದ್ದರೆ ದೋಷ ವೈಫೈಯದಲ್ಲ, ಟಿ.ವಿ.ಯದೂ ಅಲ್ಲ, ಫೈಲಿನಲ್ಲಿ ಚಿತ್ರವೇ ಇಲ್ಲ. ಕ್ಯಾಸೆಟ್ಟಿನಿಂದ ಇಳಿಸಿದ ಹಾಡಿಗೆ ಯಾರೂ ಸೇರಿಸದ ಹೊರತು ಚಿತ್ರ ಎಲ್ಲಿಂದ ಬಂದೀತು? ಸೇರಿಸಿದ ಬಳಿಕ, ಸಂಗ್ರಹವನ್ನು ಮತ್ತೊಮ್ಮೆ ಓದಿಕೊಳ್ಳುವಂತೆ ಸರ್ವರಿಗೆ ಸೂಚಿಸಬೇಕು.

ಎರಡನೆಯದು, ಒಬ್ಬರ ಹಾಡಿಗೆ ಇನ್ನೊಬ್ಬರ ಚಿತ್ರ ಬರುವುದು. ಅನೇಕ ಸರ್ವರುಗಳು ಆಲ್ಬಮಿನ ಹೆಸರನ್ನು ನೋಡಿ ಹಾಡುಗಳನ್ನು ಗುಂಪು ಮಾಡುತ್ತವೆ. ಮೊಮ್ಮಗ ಎಲ್ಲದಕ್ಕೂ ‘ವಚನಗಳು’ ಎಂಬ ಒಂದೇ ಹೆಸರು ಕೊಟ್ಟಿದ್ದರೆ, ಎಲ್ಲವೂ ಒಂದೇ ಗುಂಪಾಗಿ, ಮೊದಲು ಸಿಕ್ಕ ಚಿತ್ರವೇ ಎಲ್ಲದಕ್ಕೂ ಹತ್ತಿಕೊಳ್ಳುತ್ತದೆ. ಆಲ್ಬಮಿನ ಹೆಸರಿನಲ್ಲಿ ಗಾಯಕರ ಹೆಸರನ್ನೂ ಸೇರಿಸಿದರೆ ಈ ತೊಡಕು ಬಿಡುತ್ತದೆ. ಯಕ್ಷಗಾನದಲ್ಲಿ ಇದರ ವಿಪರೀತ ನಡೆಯುತ್ತದೆ: ಒಂದೇ ಪ್ರಸಂಗದ ಪದ್ಯಗಳನ್ನು ಬೇರೆ ಬೇರೆ ಭಾಗವತರು ಹಾಡಿರುವುದರಿಂದ ಒಂದು ಆಲ್ಬಮ್ ನಾಲ್ಕಾಗಿ ಒಡೆದು, ಚಿತ್ರ ಒಂದರಲ್ಲಿ ಮಾತ್ರ ಉಳಿಯುತ್ತದೆ. ಅದಕ್ಕೆ ‘ಆಲ್ಬಮ್ ಆರ್ಟಿಸ್ಟ್’ ಎಂಬ ಬೇರೆಯ ಸ್ಥಾನವೊಂದಿದೆ; ಅಲ್ಲಿ ಎಲ್ಲ ಪದ್ಯಗಳಿಗೂ ಒಂದೇ ಹೆಸರನ್ನು ಬರೆದರೆ ಪ್ರಸಂಗ ಮತ್ತೆ ಒಂದಾಗುತ್ತದೆ.

ಮೂರನೆಯದು, ಮೊಬೈಲಿನಲ್ಲಿ ಕಾಣುವ ಚಿತ್ರ ಟಿ.ವಿ.ಯಲ್ಲಿ ಕಾಣದಿರುವುದು. ಇದು ಹೆಚ್ಚಾಗಿ ಚಿತ್ರದ ಗಾತ್ರದ ಅಥವಾ ಬಗೆಯ ದೋಷ. ಮನೆಯ ಉಪಕರಣಗಳು ಪರಸ್ಪರ ಹಾಡು-ಚಿತ್ರಗಳನ್ನು ಹಂಚಿಕೊಳ್ಳಲೆಂದು ಕಂಪನಿಗಳು 2003ರಲ್ಲಿ ಕೂಡಿ ರೂಪಿಸಿದ ಡಿಎಲ್‌ಎನ್‌ಎ ಎಂಬ ಕಟ್ಟಳೆಯಲ್ಲಿ ಅತಿ ಚಿಕ್ಕ ಚಿತ್ರದ ಮಿತಿ 160 ಬಿಂದು ಉದ್ದ, 160 ಬಿಂದು ಅಗಲ. ಆ ಸಂಘಟನೆ 2017ರಲ್ಲಿ ವಿಸರ್ಜನೆಗೊಂಡಿತಾದರೂ ಅದರ ಕಟ್ಟಳೆಯಂತೆ ನಡೆಯುವ ಟಿ.ವಿ.ಗಳು ಮನೆಗಳಲ್ಲಿವೆ. ಮೊಬೈಲಿನಿಂದ ತೆಗೆದ ನಾಲ್ಕು ಸಾವಿರ ಬಿಂದುಗಳ ಚಿತ್ರವನ್ನು ಹಾಗೆಯೇ ತುಂಬಿದರೆ ಇಂಥವು ಕೈಚೆಲ್ಲುತ್ತವೆ. ಕೆಲವು ಮೊಬೈಲುಗಳು ಎಚ್‌ಇಐಸಿ ಎಂಬ ರೂಪದಲ್ಲಿ ಚಿತ್ರವನ್ನು ಇಡುತ್ತವೆ, ಹಳೆಯ ಟಿ.ವಿ.ಗೆ ಅದು ತಿಳಿಯದ ಲಿಪಿ. ಜೆಪೆಗ್ ರೂಪದಲ್ಲಿಯೂ ‘ಪ್ರೋಗ್ರೆಸಿವ್’ ಎಂಬ ಬಗೆಯನ್ನು ಹಲವು ಉಪಕರಣಗಳು ಓದಲಾರವು. ಆದ್ದರಿಂದ 500ರಿಂದ 600 ಬಿಂದುಗಳ ಚೌಕಾಕಾರದ ಸಾಧಾರಣ ಜೆಪೆಗ್ ಚಿತ್ರವನ್ನು ಇಡಿರಿ. ಅದು ಮೊಬೈಲಿಗೂ ಸಲ್ಲುತ್ತದೆ, ಬಹುತೇಕ ಟಿ.ವಿ.ಗಳಿಗೂ ಸಲ್ಲುತ್ತದೆ.

ನಾಲ್ಕನೆಯದು, ಮಳೆಗಾಲದಲ್ಲಿ ಚಿತ್ರಗಳೆಲ್ಲ ಒಮ್ಮೆಲೇ ಮಾಯವಾದುದು. ಕರಾವಳಿಯ ಮಳೆ, ಗುಡುಗು, ವಿದ್ಯುತ್ತಿನ ಕಣ್ಣುಮುಚ್ಚಾಲೆಗಳನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ವಿದ್ಯುತ್ತು ಹೋಗಿ ಬಂದಾಗ ರೂಟರ್ ಪ್ರತಿಯೊಂದು ಉಪಕರಣಕ್ಕೂ ಹೊಸದಾಗಿ ಅಂಕೆಯ ವಿಳಾಸವನ್ನು ಹಂಚುತ್ತದೆ. ನಿನ್ನೆ ಒಂದು ಅಂಕೆಯಲ್ಲಿದ್ದ ಸರ್ವರ್ ಇಂದು ಬೇರೊಂದರಲ್ಲಿರಬಹುದು. ಟಿ.ವಿ. ಮಾತ್ರ ಹಳೆಯ ಪಟ್ಟಿಯನ್ನೇ ನೆನಪಿಟ್ಟು, ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ತತ್ಕಾಲಕ್ಕೆ ಮೊದಲು ರೂಟರ್, ಅನಂತರ ಸರ್ವರ್, ಕೊನೆಗೆ ಟಿ.ವಿ. ಹೀಗೆ ಕ್ರಮವಾಗಿ ನಿಲ್ಲಿಸಿ ಚಾಲೂ ಮಾಡಿರಿ. ಶಾಶ್ವತ ಪರಿಹಾರ ಬೇಕಾದರೆ ರೂಟರಿನ ಹೊಂದಾಣಿಕೆಗಳಲ್ಲಿ ಸರ್ವರಿಗೆ ಒಂದು ಸ್ಥಿರವಾದ ಅಂಕೆಯನ್ನು ಕಾದಿರಿಸಿರಿ. ಚಿತ್ರ ಬದಲಾಯಿಸಿದ ಮೇಲೆಯೂ ಹಳೆಯದೇ ತೋರುತ್ತಿದ್ದರೆ ಅದೂ ನೆನಪಿನ ದೋಷವೇ. ಉಪಕರಣದ ‘ಕ್ಯಾಶೆ’ಯನ್ನು ಅಳಿಸಿದರೆ ಸರಿಹೋಗುತ್ತದೆ. ಪೊಳಲಿ ಜಾತ್ರೆಗೆ, ಐದು ದಿನಗಳ ಚೆಂಡಿಗೆ ಬರುವ ನೆಂಟರಿಗೆಂದು ಅತಿಥಿಗಳ ವೈಫೈಯನ್ನು ಬೇರೆಯಾಗಿ ಇಟ್ಟಿದ್ದರೆ, ಅದಕ್ಕೆ ಸೇರಿಕೊಂಡ ಮೊಬೈಲಿಗೆ ಸರ್ವರೇ ಕಾಣದಿರಬಹುದು ಎಂಬುದನ್ನೂ ನೆನಪಿಡಿರಿ.

ಯಂತ್ರದ ಮಾತು ಇಲ್ಲಿಗೆ ಮುಗಿಯಿತು. ಇನ್ನುಳಿದದ್ದು ವಿವೇಕದ ಮಾತು: ಯಾವ ಚಿತ್ರವನ್ನು ಇಡಬೇಕು?

ಚಿತ್ರಗಳನ್ನು ಅಂತರ್ಜಾಲದಿಂದ ತಾನಾಗಿಯೇ ಹುಡುಕಿ ತುಂಬುವ ತಂತ್ರಾಂಶಗಳಿವೆ. ಜಗತ್ಪ್ರಸಿದ್ಧ ಆಲ್ಬಮುಗಳಿಗೆ ಅವು ಒದಗಬಹುದು. ನಮ್ಮ ಕ್ಯಾಸೆಟ್ಟುಗಳಿಗೆ ಅವುಗಳನ್ನು ನಂಬುವಂತಿಲ್ಲ. ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿದ್ದ ಬಲಿಪ ನಾರಾಯಣ ಭಾಗವತರು (1938–2023) ತೆಂಕುತಿಟ್ಟಿನ ಹೆಸರಾಂತ ಭಾಗವತರು. ಅವರ ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೇ. ಅವರೂ ಹೆಸರಾಂತ ಭಾಗವತರೇ. ಹೆಸರೊಂದನ್ನೇ ನಂಬಿ ಚಿತ್ರ ತಂದರೆ ಮೊಮ್ಮಗನ ಪದ್ಯದ ಮೇಲೆ ಅಜ್ಜನ ಮುಖ ಬಂದು ಕೂತೀತು. ವಚನಗಾಯನದಲ್ಲಿಯೂ ಅಷ್ಟೆ. ಮನಸೂರರು (1910–1992) ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತು ಜಯಪುರ ಘರಾಣೆಯನ್ನು ಬೆಳಗಿದವರು. ರಾಜಗುರುಗಳು (1917–1991) ಗದಗಿನ ಪಂಚಾಕ್ಷರಿ ಗವಾಯಿಗಳ ಗರಡಿಯಲ್ಲಿ ಶಿಕ್ಷಣ ಪಡೆದವರು. ಒಬ್ಬರ ಮುಖವನ್ನು ಇನ್ನೊಬ್ಬರ ಧ್ವನಿಗೆ ಅಂಟಿಸಿದರೆ ಕೆಡುವುದು ಚಿತ್ರವೊಂದೇ ಅಲ್ಲ, ಎರಡು ಗುರುಪರಂಪರೆಗಳ ಗುರುತು. ಅದನ್ನೇ ನಿಜವೆಂದು ನಂಬಿ ಬೆಳೆದ ಮಗು ನಾಳೆ ತನ್ನ ಮಕ್ಕಳಿಗೂ ಅದನ್ನೇ ಹೇಳುತ್ತದೆ.

ಆದ್ದರಿಂದ ಆ ತಾಯಿಗೆ ನಾವು ಹೇಳುವುದು ಇಷ್ಟು: ನಿಮ್ಮ ಹಳೆಯ ಪೆಟ್ಟಿಗೆಯನ್ನೇ ತೆರೆಯಿರಿ. ಡಬ್ಬಿಯೊಳಗಣ ಮಡಿಕೆಕಾಗದವೇ ನಿಮಗೆ ಬೇಕಾದ ಚಿತ್ರ. ಕರಾವಳಿಯ ತೇವಕ್ಕೆ ಅದು ಬೂಷ್ಟು ಹಿಡಿಯುವ ಮುನ್ನ, ಬಿಸಿಲಿರುವ ದಿನ ಹೊರತೆಗೆದು, ಬಿಡಿಸಿ, ಎರಡೂ ಬದಿಯ ಚಿತ್ರ ತೆಗೆಸಿರಿ. ಮುಂಬದಿ ಹಾಡಿನ ಮುಖವಾಗಲಿ. ಹಿಂಬದಿಯಲ್ಲಿ ಮದ್ದಳೆ, ಚೆಂಡೆ, ತಬಲ, ಹಾರ್ಮೋನಿಯಮ್ ನುಡಿಸಿದವರ ಹೆಸರುಗಳಿರುತ್ತವೆ. ಅವನ್ನು ಟ್ಯಾಗಿನ ಟಿಪ್ಪಣಿಯ ಸ್ಥಾನದಲ್ಲಿ ಕನ್ನಡದಲ್ಲಿಯೇ ಬರೆಸಿರಿ. ಪಕ್ಕವಾದ್ಯದವರಿಗೆ ಅಷ್ಟಾದರೂ ಸಲ್ಲಬೇಕು. ಕಾಗದ ಕಳೆದುಹೋಗಿ, ಧ್ವನಿ ಯಾರದೆಂದು ಮನೆಯಲ್ಲಿ ಯಾರಿಗೂ ನಿಶ್ಚಯವಿಲ್ಲದಿದ್ದರೆ, ಆ ಚೌಕ ಬರಿದಾಗಿಯೇ ಇರಲಿ. ಓಲೆಗರಿಯಲ್ಲಿ ಅಂಕಿತ ಅಳಿಸಿಹೋದ ವಚನಕ್ಕೆ ಊಹೆಯಿಂದ ಕರ್ತೃವನ್ನು ಕಟ್ಟಬಾರದೆಂದು ನಮ್ಮ ಗುರುಗಳು ಮಠದಲ್ಲಿ ಪಾಠ ಹೇಳುವಾಗ ಎಚ್ಚರಿಸುತ್ತಿದ್ದರು. ಬರಿಯ ಚೌಕ ‘ಹುಡುಕಿರಿ’ ಎನ್ನುತ್ತದೆ. ತಪ್ಪು ಚಿತ್ರ ಹುಡುಕಾಟವನ್ನೇ ನಿಲ್ಲಿಸಿಬಿಡುತ್ತದೆ.

ಈ ಕೆಲಸಕ್ಕೆ ಮೊಮ್ಮಗನ ಕೈ ಬೇಕು, ಅಜ್ಜಿಯ ಕಿವಿಯೂ ಬೇಕು. ಒಂದೇ ಆಲಾಪ ಕೇಳಿ ‘ಇವರು ಇಂಥವರು’ ಎಂದು ಹೇಳಬಲ್ಲ ಹಿರಿಯರು ಇರುವಾಗಲೇ ಇಬ್ಬರೂ ಜೊತೆಗೆ ಕೂಡಬೇಕು. ಆ ಕಿವಿಗಳು ಇಲ್ಲವಾದ ಮೇಲೆ ಯಾವ ಸರ್ವರಿನಲ್ಲಿ ಹುಡುಕಿದರೂ ಆ ಹೆಸರು ಸಿಕ್ಕದು. ಓದುಗ ಬಂಧುಗಳ ಮನೆಗಳಲ್ಲಿ ಇಂತಹ ಪೆಟ್ಟಿಗೆಗಳು ಇದ್ದೇ ಇರುತ್ತವೆ. ಈ ತಿಂಗಳ ಒಂದು ಭಾನುವಾರವನ್ನು ಅದಕ್ಕೆಂದು ಎತ್ತಿಡಿರಿ.

ಶರಣು.