ಆ ತಕ್ಕಡಿ ಕೆಳಗಿಳಿಸಿ

ಜೂನ್ ಬಂತೆಂದರೆ ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ತಲೆ ಎತ್ತಿದರೆ ಆಕಾಶ ಕಾಣುವುದಿಲ್ಲ. ಕಂಬದಿಂದ ಕಂಬಕ್ಕೆ ಫ್ಲೆಕ್ಸ್. ಒಂದೊಂದರಲ್ಲೂ ನಲವತ್ತು ಐವತ್ತು ಮಕ್ಕಳ ಪಾಸ್‌ಪೋರ್ಟ್ ಅಳತೆಯ ಮುಖ, ಮುಖದ ಕೆಳಗೆ ನೀಟ್ ಅಂಕ, ಸಿಇಟಿ ರ‍್ಯಾಂಕು, ನಟ್ಟನಡುವೆ ಸಂಸ್ಥೆಯ ಅಧ್ಯಕ್ಷರ ದೊಡ್ಡ ಮುಖ. ಅದೇ ವಾರ ವಾಟ್ಸ್‌ಆ್ಯಪಿನಲ್ಲಿ ಒಂದು ಪಟ್ಟಿ ಓಡಾಡುತ್ತದೆ: ತಾಲ್ಲೂಕಿನ ಯಾವ ಕಾಲೇಜಿನಿಂದ ಎಷ್ಟು ಮಂದಿಗೆ ಮೆಡಿಕಲ್ ಸೀಟು, ಎಷ್ಟು ಮಂದಿಗೆ ಎಂಜಿನಿಯರಿಂಗ್. ಆ ಪಟ್ಟಿಯ ಕೊನೆಯ ಸಾಲಿನಲ್ಲಿ, ವರ್ಷ ವರ್ಷವೂ, ನಾನು ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಹೇಳಿಕೊಟ್ಟ ಸರ್ಕಾರಿ ಕಾಲೇಜಿನ ಹೆಸರು. ಎದುರಿಗೆ ಸೊನ್ನೆ.

ಎರಡು ವರ್ಷದ ಹಿಂದೆ ಆ ಫ್ಲೆಕ್ಸುಗಳ ಕೆಳಗೇ ಒಬ್ಬ ರೈತರು ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. 625ಕ್ಕೆ 588. ನಮ್ಮ ಆವರಣದ ಹೈಸ್ಕೂಲಿನಲ್ಲೇ ಓದಿದ ಹುಡುಗಿ. ಮಧ್ಯಾಹ್ನದ ಬಿಸಿಯೂಟ ಉಂಡು ನಮ್ಮ ಲ್ಯಾಬಿನ ಕಿಟಕಿಗೆ ಮುಖವಿಟ್ಟು ನಿಲ್ಲುತ್ತಿದ್ದಳು. ಒಳಗೆ ಬಾ ಅಂದರೆ ಓಡಿಬಿಡುತ್ತಿದ್ದಳು.

"ಮೇಷ್ಟ್ರೇ, ನಿಮ್ ಕಾಲೇಜಿಂದ ಎಷ್ಟ್ ಜನ ಡಾಕ್ಟ್ರಾಗವ್ರೆ?"

ಅವರು ನನ್ನನ್ನು ಅವಮಾನಿಸಲು ಕೇಳಲಿಲ್ಲ. ಊರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದರು. ನಾನು ಹೇಳಿದೆ, ಡಾಕ್ಟ್ರು ಯಾರೂ ಇಲ್ಲಪ್ಪ, ನರ್ಸ್ ಆದವರಿದ್ದಾರೆ, ಮೇಷ್ಟ್ರಾದವರಿದ್ದಾರೆ, ನಿಮ್ಮೂರಿನ ಕರೆಂಟು ಸರಿಮಾಡೋ ಹುಡುಗ ನಮ್ಮವನೇ ಎಂದು. ಅವರು ಮೇಲೆ ಫ್ಲೆಕ್ಸ್ ನೋಡಿದರು, ನನ್ನನ್ನು ನೋಡಿದರು. ಮರುವಾರ ಹೆಂಡತಿಯ ಒಡವೆ ಅಡವಿಟ್ಟು ಮಗಳನ್ನು ದೂರದ ಒಂದು ವಸತಿ ಕಾಲೇಜಿಗೆ ಸೇರಿಸಿದರೆಂದು ತಿಳಿಯಿತು.

ಅವರನ್ನು ನಾನು ದೂರುವುದಿಲ್ಲ. ಅವರ ತಲೆಯ ಮೇಲೆ ತೂಗುಹಾಕಿದ್ದ ಸುಳ್ಳನ್ನು ದೂರುತ್ತೇನೆ.

ಆ ಫ್ಲೆಕ್ಸಿನಲ್ಲಿ ಇಲ್ಲದಿರುವುದು ಏನು, ನೋಡಿ. ಎಷ್ಟು ಮಂದಿಯಲ್ಲಿ ಐವತ್ತು ಮಂದಿ? ಆ ಲೆಕ್ಕವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಎಂಟುನೂರು ಮಕ್ಕಳು ಫೀಸು ಕಟ್ಟಿ ಐವತ್ತು ಮಂದಿಗೆ ಸೀಟು ಸಿಕ್ಕಿದ್ದರೆ, ಉಳಿದ ಏಳುನೂರೈವತ್ತು ಮಕ್ಕಳ ಮುಖ ಎಲ್ಲಿದೆ? ಸಿಇಟಿಯಲ್ಲಿ ಎಂಜಿನಿಯರಿಂಗಿಗೆ ಒಂದು ರ‍್ಯಾಂಕು, ಕೃಷಿ ವಿಜ್ಞಾನಕ್ಕೆ ಒಂದು, ಪಶುವೈದ್ಯಕ್ಕೆ ಒಂದು, ಫಾರ್ಮಸಿಗೆ ಒಂದು, ಯೋಗ ಮತ್ತು ಪ್ರಕೃತಿ ಚಿಕಿತ್ಸೆಗೆ ಇನ್ನೊಂದು. ಬರೆದವಳು ಒಬ್ಬಳೇ ಹುಡುಗಿ, ಫ್ಲೆಕ್ಸಿನಲ್ಲಿ ಅವಳದು ಐದು ಸಾಧನೆ. ಪಿಯುಸಿ ಬೇರೆಲ್ಲೋ ಮುಗಿಸಿ, ಲಾಂಗ್ ಟರ್ಮ್ ಎಂದು ಒಂದು ವರ್ಷ ಇಲ್ಲಿ ಕೂತು ಮತ್ತೆ ನೀಟ್ ಬರೆದ ಹುಡುಗನೂ 'ನಮ್ಮ ವಿದ್ಯಾರ್ಥಿ'. ಒಂದೇ ಹುಡುಗನ ಮುಖ ಎರಡು ಸಂಸ್ಥೆಯ ಫ್ಲೆಕ್ಸಿನಲ್ಲಿ ನಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕೋಚಿಂಗ್ ಜಾಹೀರಾತಿನಲ್ಲಿ ಮಕ್ಕಳ ಹೆಸರು, ಫೋಟೋ ಬಳಸಬೇಕಾದರೆ ಫಲಿತಾಂಶ ಬಂದ ಮೇಲೆ ಅವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು, ಅವರು ಸೇರಿದ್ದ ಕೋರ್ಸ್ ಯಾವುದೆಂದು ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಬಸ್ ನಿಲ್ದಾಣದ ಫ್ಲೆಕ್ಸುಗಳಲ್ಲಿ ಅಂಥ ಒಂದು ಸಾಲೂ ಇಲ್ಲ.

ಇನ್ನು ಆ ಐವತ್ತು ಮಂದಿ ಎಲ್ಲಿಂದ ಬಂದವರು? ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೇ ಹೈಸ್ಕೂಲುಗಳಿಗೆ ಫೋನು ಬರಲು ಶುರುವಾಗುತ್ತದೆ. ಆರುನೂರು ದಾಟಿದವರು ಯಾರು, ಅಪ್ಪನ ನಂಬರು ಕೊಡಿ, ಫೀಸು ಬೇಡ, ಹಾಸ್ಟೆಲ್ ಖರ್ಚೂ ಬೇಡ, ಹುಡುಗನನ್ನು ಕಳಿಸಿ ಸಾಕು. ಹತ್ತು ವರ್ಷ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಮಿಸ್ಸುಗಳು ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಸಂಜೆ ಕೂರಿಸಿ ಲೆಕ್ಕ ಹೇಳಿಕೊಟ್ಟು ಬೆಳೆಸಿದ ಮಗುವನ್ನು ಹದಿನೈದನೇ ವಯಸ್ಸಿಗೆ ಎತ್ತಿಕೊಂಡು ಹೋಗಿ, ಹದಿನೇಳಕ್ಕೆ ಫೋಟೋ ಹಿಡಿದು, 'ನಾವು ಮಾಡಿದ್ದು' ಎನ್ನುತ್ತಾರೆ. ಬೆಳೆದವರು ಒಬ್ಬರು, ಸಂತೆಯಲ್ಲಿ ಗುಡ್ಡೆ ಹಾಕಿಕೊಂಡು ಕೂತವರು ಇನ್ನೊಬ್ಬರು. ಆಮೇಲೆ ಅದೇ ಪಟ್ಟಿಯಲ್ಲಿ ಬೆಳೆದವರಿಗೆ ಸೊನ್ನೆ.

ಪ್ರವೇಶ ಪರೀಕ್ಷೆಯೇ ಬೇಡ ಎನ್ನುವವನು ನಾನಲ್ಲ. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಬಂತು. ದುಡ್ಡಿದ್ದವರೇ ಸೀಟು ಕೊಳ್ಳುತ್ತಿದ್ದ ಕಾಲದಲ್ಲಿ ಅದು ಬಡವರ ಮಕ್ಕಳಿಗೆ ಒಂದು ಬಾಗಿಲು ತೆರೆಯಿತು, ಅದನ್ನು ಮರೆಯುವ ಹಾಗಿಲ್ಲ. ಆದರೆ ಅದು ಸೀಟು ಹಂಚುವುದಕ್ಕೆಂದು ಮಾಡಿದ ಪರೀಕ್ಷೆ. ವಿಷಯಕ್ಕೆ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ, ವೃತ್ತಕ್ಕೆ ಮಸಿ ತುಂಬುವುದು. ಒಂದು ಊರಿನ ಶಾಲೆ ಏನು ಮಾಡಿತು, ಯಾರನ್ನು ಎಲ್ಲಿಂದ ಎಲ್ಲಿಗೆ ತಂದಿತು ಎಂದು ತೂಗಲು ಯಾರೂ ಅದನ್ನು ಮಾಡಲಿಲ್ಲ. ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇಟ್ಟು ಸರ್ಕಾರವೇ ಒಪ್ಪಿಕೊಂಡಿದೆ, ಎಲ್ಲರೂ ಒಂದೇ ಗೆರೆಯಿಂದ ಓಟ ಶುರುಮಾಡಿಲ್ಲ ಎಂದು. ಮಕ್ಕಳ ವಿಷಯದಲ್ಲಿ ಒಪ್ಪಿಕೊಂಡದ್ದನ್ನು ಶಾಲೆಗಳ ವಿಷಯದಲ್ಲಿ ಯಾಕೆ ಮರೆತೆವು?

ಆ ತಕ್ಕಡಿಯಾದರೂ ನೆಟ್ಟಗಿದೆಯೇ? 2024ರ ಸಿಇಟಿಯಲ್ಲಿ 240 ಪ್ರಶ್ನೆಗಳ ಪೈಕಿ 50 ಪ್ರಶ್ನೆ ಪಠ್ಯದಿಂದ ಹೊರಗಿನವು ಎಂದು ಮೌಲ್ಯಮಾಪನದಿಂದಲೇ ತೆಗೆದುಹಾಕಬೇಕಾಯಿತು. ಅದೇ ವರ್ಷ ನೀಟ್‌ನಲ್ಲಿ ಜೂನ್ 4ರಂದು 67 ಮಂದಿಗೆ 720ಕ್ಕೆ 720 ಅಂಕ ಎಂದರು. ಕೃಪಾಂಕ ಹಿಂತೆಗೆದು, ನನ್ನ ವಿಷಯವಾದ ಭೌತಶಾಸ್ತ್ರದ ಒಂದು ಪ್ರಶ್ನೆಯ ಉತ್ತರ ತಿದ್ದಿದ ಮೇಲೆ ಜುಲೈ ಕೊನೆಗೆ ಅವರು 17 ಮಂದಿ ಆದರು. ಪಟ್ನಾ, ಹಜಾರಿಬಾಗ್‌ಗಳಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದು ನಿಜ ಎಂದು ಸುಪ್ರೀಂ ಕೋರ್ಟೇ ಹೇಳಿತು. ಒಂದು ಪ್ರಶ್ನೆಗೆ ದೇಶದ ಮೊದಲ ಸ್ಥಾನಗಳೇ ಉದುರಿ ಬೀಳುವ ಲೆಕ್ಕವನ್ನು ಹಿಡಿದು, ತಾಲ್ಲೂಕಿನ ಒಂದು ಶಾಲೆ ಬದುಕಬೇಕೋ ಸಾಯಬೇಕೋ ಎಂದು ಊರು ತೀರ್ಮಾನ ಮಾಡುತ್ತಿದೆ.

ಸರ್ಕಾರವೂ ಇದೇ ಚಟಕ್ಕೆ ಬಿದ್ದಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಕೆಳಗೆ ನಿಂತ ಜಿಲ್ಲೆಯ ಮುಖ್ಯೋಪಾಧ್ಯಾಯರಿಗೆ ನೋಟಿಸು. ಆ ಹೆದರಿಕೆ ಏನು ಮಾಡಿಸುತ್ತದೆಂದು ಹೈಸ್ಕೂಲಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಒಂಬತ್ತನೇ ಕ್ಲಾಸಿನಲ್ಲೇ ಮಂದ ಹುಡುಗನ ಅಪ್ಪನನ್ನು ಕರೆಸಿ ಟಿ.ಸಿ. ಕೈಗಿಡುವವರಿದ್ದಾರೆ. ಹಾಜರಾತಿ ಇಲ್ಲವೆಂದು ಪರೀಕ್ಷೆಗೇ ಕೂರಿಸದವರಿದ್ದಾರೆ. ಪರೀಕ್ಷಾ ಕೊಠಡಿಯಲ್ಲಿ ಕಣ್ಣು ಮುಚ್ಚಿಕೊಂಡವರಿದ್ದಾರೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಕೊಟ್ಟ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಹಿಂದಿನ ವರ್ಷ ಎದೆಯುಬ್ಬಿಸಿ ನಿಂತಿದ್ದ ಜಿಲ್ಲೆಗಳು ಕೆಳಗೆ ಜಾರಿದವು. ಅಷ್ಟು ವರ್ಷ ನಾವು ಹೋಲಿಸುತ್ತಿದ್ದುದು ಕಲಿಕೆಯನ್ನೋ, ಕಾವಲಿನ ಸಡಿಲವನ್ನೋ?

ಆ ಸಾಲಿನಲ್ಲಿ 2024ರಲ್ಲಿ ಉಡುಪಿ ಮೊದಲು, ಶೇ 94. ಯಾದಗಿರಿ ಕೊನೆ, ಶೇ 50.59. ಉಡುಪಿಯ ಮಕ್ಕಳ, ಮೇಷ್ಟ್ರುಗಳ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಯಾದಗಿರಿಯ ಹಳ್ಳಿಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿಯರು ಬೆಂಚು ಬಿಟ್ಟು ಹೊಲಕ್ಕೆ ಹೋಗುತ್ತಾರೆ. ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೊರಟರೆ ಮಗುವೂ ಹೊರಡುತ್ತದೆ. ಗಣಿತಕ್ಕೂ ವಿಜ್ಞಾನಕ್ಕೂ ಅತಿಥಿ ಶಿಕ್ಷಕರು, ಅವರೂ ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ. ಅಲ್ಲಿ ಅರ್ಧದಷ್ಟು ಮಕ್ಕಳನ್ನು ದಡ ಮುಟ್ಟಿಸಿದ ಶಾಲೆಯ ಮೇಷ್ಟ್ರಿಗೆ ಕೈಮುಗಿಯಬೇಕಿತ್ತು. ನಾವು ಕೊಟ್ಟದ್ದು 'ಕೊನೆಯ ಸ್ಥಾನ' ಎಂಬ ತಲೆಬರಹ.

ಇಷ್ಟೆಲ್ಲ ಹೋಲಿಸಿ ಗಳಿಸಿದ್ದಕ್ಕಿಂತ ಒಡೆದುಹಾಕಿದ್ದು ಎಷ್ಟೆಂದು ಯಾರೂ ಎಣಿಸುತ್ತಿಲ್ಲ. ಎಂಟನೇ ಕ್ಲಾಸಿಗೇ ಫೌಂಡೇಶನ್ ಕೋಚಿಂಗ್ ಎಂದು ಶುರುಮಾಡಿದ್ದಾರೆ. ಹದಿಮೂರು ವರ್ಷದ ಮಗು ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಉತ್ತರಗಳಲ್ಲಿ ಮೂರನ್ನು ಹೊಡೆದುಹಾಕುವುದನ್ನು ಕಲಿಯುತ್ತದೆ. ಡ್ರಾಯಿಂಗ್ ಮೇಷ್ಟ್ರ ಪೀರಿಯಡ್ಡಿನಲ್ಲಿ ಗಣಿತ, ಆಟದ ಪೀರಿಯಡ್ಡಿನಲ್ಲಿ ವಿಜ್ಞಾನ. ಕನ್ನಡದ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಹಾಗಾಗಿ ಕನ್ನಡ ಪಂಡಿತರ ಪಾಠವೂ 'ಆಮೇಲೆ'. ಲೈಬ್ರರಿಯ ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಅಂಕದ ಪ್ರಕಾರ ಎ ಸೆಕ್ಷನ್, ಬಿ ಸೆಕ್ಷನ್, ಕೊನೆಯ ಸೆಕ್ಷನ್ನಿಗೆ ಹೋದ ಮಗು ತಾನು ಕಸ ಎಂದು ನಂಬಿಬಿಡುತ್ತದೆ. ಹಾಗೆ ಅಂಕ ನೋಡಿ ಮಕ್ಕಳನ್ನು ಬೇರ್ಪಡಿಸಬೇಡಿ, ಎಲ್ಲರೆದುರು ಹೀಯಾಳಿಸಬೇಡಿ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂತು. 2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು ಹದಿಮೂರು ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಟ್ಟಿದೆ. ಎಲ್ಲಕ್ಕೂ ಪರೀಕ್ಷೆಯೇ ಕಾರಣ ಎಂದು ನಾನು ಹೇಳಲಾರೆ. ಆದರೆ ಮಗುವಿನ ಬೆಲೆ ಒಂದು ಅಂಕಿ ಎಂದು ಬಸ್ ನಿಲ್ದಾಣದಲ್ಲಿ ಬರೆದು ನೇತುಹಾಕಿದವರು ಆ ಲೆಕ್ಕ ಓದಿ ನೆಮ್ಮದಿಯಾಗಿ ಮಲಗುವುದು ನನಗೆ ಸಹಿಸಲಾಗುತ್ತಿಲ್ಲ.

ನಮ್ಮ ಕಾಲೇಜಿನ ಕಥೆ ಅಲ್ಲಿಗೇ ಬಂತು. ಸೊನ್ನೆ ನೋಡಿ ಮಕ್ಕಳು ಸೇರಲಿಲ್ಲ. ಮಕ್ಕಳಿಲ್ಲವೆಂದು ಲೆಕ್ಚರರನ್ನು ಬೇರೆ ಕಡೆ ನಿಯೋಜಿಸಿದರು. ಲೆಕ್ಚರರಿಲ್ಲವೆಂದು ಮರುವರ್ಷ ಇನ್ನೂ ಕಡಿಮೆ ಮಕ್ಕಳು. ನಾನು ನಿವೃತ್ತನಾದ ವರ್ಷ ಮೊದಲ ಪಿಯು ವಿಜ್ಞಾನಕ್ಕೆ ಸೇರಿದ್ದು ಒಂಬತ್ತು ಮಂದಿ. ಅದರ ಮರುವರ್ಷ ವಿಭಾಗವೇ ನಿಂತಿತು. ಕಾಮರ್ಸು, ಆರ್ಟ್ಸು ಮಾತ್ರ ಉಳಿದವು. ಊರಿನ ಒಬ್ಬರೂ ಅರ್ಜಿ ಹಿಡಿದು ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಮಾತ್ರ ಆ ಜೂನ್‌ನಲ್ಲಿ ಎರಡು ಫ್ಲೆಕ್ಸ್ ಹೆಚ್ಚಾಗಿದ್ದವು.

ಕಳೆದ ದೀಪಾವಳಿಗೆ ಆ ರೈತರ ಮಗಳು ಊರಿಗೆ ಬಂದಿದ್ದಳು. ಈಗ ಎರಡನೇ ಪಿಯು. ಕಣ್ಣಿನ ಕೆಳಗೆ ಕಪ್ಪು, ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪ್ರಶ್ನೆ ಪುಸ್ತಕ. ಅಪ್ಪನ ಜೊತೆ ಮನೆಗೆ ಬಂದು ಜಗಲಿಯ ಮೇಲೆ ಕೂತಳು. ಮೀಟರ್ ಬ್ರಿಡ್ಜಿನ ಲೆಕ್ಕ ತೋರಿಸು ಅಂದೆ, ನಲವತ್ತು ಸೆಕೆಂಡಿಗೆ ಒಂದರಂತೆ ಮಾಡಿ ತೋರಿಸಿದಳು. ಒಂದೂ ತಪ್ಪಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದಳು:

"ಸಾರ್, ಜಾಕಿ ಅಂದ್ರೆ ಹೇಗಿರುತ್ತೆ?"

ಪ್ರಾಕ್ಟಿಕಲ್ ಎಲ್ಲ ಜನವರಿಯಲ್ಲಿ ಒಂದು ವಾರ ಮಾಡಿಸ್ತಾರಂತೆ. ಅಲ್ಲಿಯವರೆಗೆ ರೆಕಾರ್ಡನ್ನು ಸೀನಿಯರ್‌ದು ನೋಡಿ ಬರೆದಿದ್ದಾಳಂತೆ. ಮೀಟರ್ ಬ್ರಿಡ್ಜಿನ ಒಂದು ಮೀಟರ್ ಉದ್ದದ ತಂತಿಯ ಮೇಲೆ ಜಾಕಿ ಒತ್ತುತ್ತಾ ಹೋದಾಗ ಗ್ಯಾಲ್ವನೋಮೀಟರಿನ ಮುಳ್ಳು ಎಡಕ್ಕೆ ಬಲಕ್ಕೆ ಹಾರಿ, ಒಂದು ಕಡೆ ಬಂದು ಸೊನ್ನೆಯ ಮೇಲೆ ನಿಂತುಬಿಡುತ್ತದೆ. ಆ ಕ್ಷಣ ನಮ್ಮ ಮಕ್ಕಳ ಬಾಯಿಂದ ಬರುತ್ತಿದ್ದ 'ಹಾ' ಎಂಬ ಉಸಿರನ್ನು ನಾನು ಇಪ್ಪತ್ತೆರಡು ವರ್ಷ ಕೇಳಿದ್ದೇನೆ. ಈ ಹುಡುಗಿ ನೂರಾರು ಲೆಕ್ಕ ಮಾಡಿದ್ದಾಳೆ, ಆ ಮುಳ್ಳನ್ನು ಕಂಡಿಲ್ಲ.

ಬಾ ಮಗಳೇ ತೋರಿಸ್ತೀನಿ ಎಂದು ಚಪ್ಪಲಿ ಮೆಟ್ಟಿಕೊಂಡೆ. ಕಾಲೇಜಿನ ಅಟೆಂಡರು ನನ್ನ ಮುಖ ನೋಡಿ ಬೀಗ ತೆಗೆದ. "ಸಾರ್, ಸಾಮಾನೆಲ್ಲ ಹೋದ್ ತಿಂಗ್ಳೇ ಬೇರೆ ಕಾಲೇಜಿಗೆ ಹೋಯ್ತಲ್ಲ" ಎಂದ. ಬೀರುಗಳ ಬಾಗಿಲು ತೆರೆದೇ ಇದ್ದವು. ಕಿಟಕಿ ಪಕ್ಕದ ಮೇಜಿನ ಮೇಲೆ ಧೂಳಿನ ನಡುವೆ, ಒಂದು ಮೀಟರ್ ಉದ್ದ, ಅಂಗೈ ಅಗಲ, ಹಲಗೆಯ ಬಣ್ಣ ಮಾಸದೆ ಉಳಿದಿತ್ತು. ಹುಡುಗಿ ಅದರ ಮೇಲೆ ಬೆರಳಾಡಿಸಿ, "ಇಲ್ಲಿತ್ತಾ ಸಾರ್?" ಎಂದು ಕೇಳಿದಳು.