ದ್ವೇಷ ನಮ್ಮದು, ಶಿಕ್ಷೆ ಮಕ್ಕಳಿಗೇಕೆ?

ನಿಮ್ಮ ಮನೆಗೂ ‘ಮಾತು ಬಿಟ್ಟ ಮನೆ’ ಅಂತ ಒಂದು ಇದ್ದೇ ಇರುತ್ತದೆ. ಸೈಟಿನ ಕಾಂಪೌಂಡಿಗಾಗಿ ಜಗಳವಾಡಿದ ಪಕ್ಕದ ಮನೆ, ಚೀಟಿ ದುಡ್ಡಿನ ವಿಷಯಕ್ಕೆ ಮುನಿಸಿಕೊಂಡ ಹಳೇ ಸ್ನೇಹಿತರ ಮನೆ, ಮದುವೆಯಲ್ಲಿ ಸರಿಯಾಗಿ ಮಾತಾಡಿಸಲಿಲ್ಲ ಅಂತ ದೂರವಾದ ನೆಂಟರ ಮನೆ. ಎದುರು ಸಿಕ್ಕರೆ ಮುಖ ತಿರುಗಿಸಿಕೊಂಡು ಹೋದರಾಯಿತು, ಅಷ್ಟೇ. ಆದರೆ ಒಂದು ದಿನ ನಿಮ್ಮ ಮಗಳು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, ‘ಅಮ್ಮಾ, ಆ ಮನೆ ಹುಡುಗನ್ನ ನಾನು ಇಷ್ಟಪಟ್ಟಿದೀನಿ’ ಅಂದರೆ? ಆ ಕ್ಷಣ ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು?

ನಮ್ಮ ಮನೆಯಲ್ಲಿ ಬಂದ ಮಾತು ಯಾವುದು ಅಂತ ಹೇಳುತ್ತೇನೆ, ಕೇಳಿ.

ನನ್ನ ತವರು ಯಡಿಯೂರಿನ ಕಡೆ. ನಮ್ಮ ಚಿಕ್ಕಪ್ಪನ ಮನೆಗೂ ಪಕ್ಕದ ತೋಟದವರಿಗೂ ಇಪ್ಪತ್ತು ವರ್ಷಕ್ಕೂ ಮೀರಿದ ಜಗಳ. ಕಾರಣ, ಬದುವಿನ ಮೇಲಿರುವ ಮೂರು ತೆಂಗಿನ ಮರ. ಅದರ ಕಾಯಿ ಮಾರಿದ ದುಡ್ಡು ಕುಣಿಗಲ್ ಕೋರ್ಟಿಗೆ ಓಡಾಡಿದ ಬಸ್ ಚಾರ್ಜಿಗೂ ಸಾಲದು! ಸಿದ್ಧಲಿಂಗೇಶ್ವರ ಸ್ವಾಮಿಯ ತೇರಿಗೆ ಇಬ್ಬರೂ ಬರುತ್ತಿದ್ದರು, ಒಂದೇ ಹಗ್ಗ ಹಿಡಿಯುತ್ತಿದ್ದರು. ದಾಸೋಹಕ್ಕೆ ಮಾತ್ರ ಬೇರೆ ಬೇರೆ ಪಂಕ್ತಿ.

ಐದಾರು ವರ್ಷದ ಹಿಂದೆ ಚಿಕ್ಕಪ್ಪನ ಮಗಳು ತುಮಕೂರಿನಲ್ಲಿ ಕೆಲಸಕ್ಕೆ ಸೇರಿದಳು. ಆ ಮನೆಯ ಹುಡುಗನೂ ಅಲ್ಲೇ ಇದ್ದ. ವಿಷಯವನ್ನು ಅವಳು ಮೊದಲು ಹೇಳಿದ್ದು ನನಗೆ. ನಾನು ಏನಂದೆ ಗೊತ್ತೇ? ‘ಸುಮ್ನೆ ಅಮ್ಮ ಹೇಳಿದ ಹಾಗೆ ಕೇಳು, ಎಲ್ಲಾ ಮರೆತುಹೋಗುತ್ತೆ.’ ಚಿಕ್ಕಮ್ಮ, ‘ಅಪ್ಪಂಗೆ ಗೊತ್ತಾದ್ರೆ ಮನೆ ಉಳಿಯಲ್ಲ’ ಅಂದು ಬಾಯಿ ಮುಚ್ಚಿಸಿದರು. ಮೊಬೈಲ್ ಕಿತ್ತುಕೊಂಡರು. ಮೂರೇ ತಿಂಗಳಲ್ಲಿ ಬೇರೆ ಕಡೆ ನಿಶ್ಚಿತಾರ್ಥವೂ ಗೊತ್ತಾಯಿತು. ಅದಕ್ಕೆ ಎರಡು ದಿನ ಮೊದಲು ಹುಡುಗಿ ಮಾಡಿಕೊಳ್ಳಬಾರದ್ದನ್ನು ಮಾಡಿಕೊಳ್ಳಲು ಹೋದಳು. ದೇವರು ದೊಡ್ಡವನು, ಉಳಿದಳು.

ಆಸ್ಪತ್ರೆಯಲ್ಲಿ ಮರುದಿನ ಬೆಳಗ್ಗೆ ಒಬ್ಬರು ಫ್ಲಾಸ್ಕಿನಲ್ಲಿ ಗಂಜಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಹುಡುಗನ ತಾಯಿ! ಇಪ್ಪತ್ತು ವರ್ಷದಲ್ಲಿ ಆಕೆ ಚಿಕ್ಕಮ್ಮನ ಜೊತೆ ಆಡಿದ ಮೊದಲ ಮಾತು, ‘ಮಗು ಏನಾದ್ರೂ ತಿಂತಾ?’ ಚಿಕ್ಕಮ್ಮ ಆಕೆಯ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಈ ಮಾತನ್ನು ಮೂರು ತಿಂಗಳ ಮುಂಚೆ ಆಡಬಹುದಿತ್ತಲ್ಲ ಅಂತ ನನಗೆ ಇಂದಿಗೂ ಅನ್ನಿಸುತ್ತದೆ.

ತಾಯಿಯೇ ಇಲ್ಲದ ಕಥೆ

ಇದೆಲ್ಲ ಮತ್ತೆ ನೆನಪಾಗಲು ಕಾರಣ, ಇತ್ತೀಚೆಗೆ ಮೊಬೈಲಿನಲ್ಲಿ ನೋಡಿದ ‘ರೋಮಿಯೋ ಜೂಲಿಯೆಟ್’ ಆಪೆರಾ. ಆಪೆರಾ ಅಂದರೆ ಗಾಬರಿಯಾಗಬೇಡಿ, ಅದು ಹಾಡಿನಲ್ಲೇ ನಡೆಯುವ ನಾಟಕ. 1884ರಲ್ಲಿ ನಮ್ಮ ಜಿಲ್ಲೆಯಲ್ಲೇ ಶುರುವಾದ ಗುಬ್ಬಿ ಕಂಪನಿಯ ನಾಟಕಗಳ ರಂಗಗೀತೆ ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ. ಫ್ರಾನ್ಸಿನ ಸಂಗೀತಗಾರ ಗೂನೋ ಇದನ್ನು ರಚಿಸಿದ್ದು 1867ರಲ್ಲಿ. ಅದಕ್ಕೂ ಮುಂಚೆ, 1830ರಲ್ಲಿ, ಇಟಲಿಯ ಬೆಲ್ಲಿನಿ ಇದೇ ಪ್ರೇಮಿಗಳ ಕಥೆಯನ್ನು ಆಪೆರಾ ಮಾಡಿದ್ದರು.

ಒಂದು ವಿಷಯ ನನ್ನನ್ನು ತುಂಬಾ ಕಾಡಿತು. ಈ ಎರಡೂ ಆಪೆರಾಗಳಲ್ಲಿ ಜೂಲಿಯೆಟ್‌ಳ ತಾಯಿಯ ಪಾತ್ರವೇ ಇಲ್ಲ! ಅಪ್ಪ ಇದ್ದಾನೆ, ಕತ್ತಿ ಹಿರಿಯುವ ನೆಂಟ ಇದ್ದಾನೆ. ಅಮ್ಮನನ್ನು ಮಾತ್ರ ಕೈಬಿಟ್ಟಿದ್ದಾರೆ. ಶೇಕ್ಸ್‌ಪಿಯರ್ ನಾಟಕದಲ್ಲಿ ಅಮ್ಮ ಇದ್ದಾಳೆ. ಆದರೆ ಹದಿನಾಲ್ಕೂ ತುಂಬದ ಮಗಳು ‘ಈ ಮದುವೆ ಮುಂದೆ ಹಾಕು’ ಅಂತ ಬೇಡಿಕೊಂಡಾಗ ಆಕೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ಸಾಕಿ ಬೆಳೆಸಿದ ದಾದಿ, ಎಲ್ಲಾ ಗೊತ್ತಿದ್ದೂ, ಅಪ್ಪ ಗೊತ್ತುಮಾಡಿದವನನ್ನೇ ಕಟ್ಟಿಕೋ ಅನ್ನುತ್ತಾಳೆ. ಆಮೇಲೆಯೇ ಆ ಹುಡುಗಿ ಪಾದ್ರಿಯ ಹತ್ತಿರ ಓಡುವುದು, ಸತ್ತಂತೆ ಮಲಗಿಸುವ ಔಷಧಿ ಕುಡಿಯುವುದು. ಆ ದಾದಿಯ ಮಾತು ಓದುವಾಗ ನನಗೆ ನನ್ನದೇ ದನಿ ಕೇಳಿಸಿತು.

ಬೆಲ್ಲಿನಿಯ ಆಪೆರಾದ ಕೊನೆಯಲ್ಲಿ ಮಕ್ಕಳಿಬ್ಬರ ಹೆಣ ನೋಡಿದ ಅಪ್ಪ, ಯಾರು ಕೊಂದರು ಅಂತ ಕೇಳುತ್ತಾನೆ. ನೀನೇ ಅಂತ ಎಲ್ಲರೂ ಅವನ ಕಡೆಗೇ ಬೆರಳು ತೋರಿಸುತ್ತಾರೆ. ಅಷ್ಟು ಹೊತ್ತಿಗೆ ಬುದ್ಧಿ ಬಂದು ಏನು ಪ್ರಯೋಜನ, ಹೇಳಿ?

ಹನ್ನೆರಡನೇ ಶತಮಾನದ ಕಲ್ಯಾಣದ ಕಥೆ ನಿಮಗೆಲ್ಲ ಗೊತ್ತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತು. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕದಲ್ಲೂ ಇದೇ ಪ್ರಸಂಗವಿದೆ. ಅಲ್ಲಿ ತಿರುಗಿಬಿದ್ದದ್ದು ರಾಜ ಮತ್ತು ಊರು. ಎರಡೂ ಮನೆಯ ಹಿರಿಯರು ಮಕ್ಕಳ ಬೆನ್ನಿಗೆ ನಿಂತು ಪ್ರಾಣವನ್ನೇ ಕೊಟ್ಟರು. ಅಂಥ ಶರಣ ಪರಂಪರೆಯ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಗೆ ಕೈ ಮುಗಿಯುವ ನಾವು, ‘ನಾಲ್ಕು ಜನ ಏನಂತಾರೆ’ ಅನ್ನುವುದಕ್ಕೇ ಹೆದರುತ್ತೇವಲ್ಲ!

ಹಾಗಂತ ಎಲ್ಲದಕ್ಕೂ ಹೂಂ ಅನ್ನಬೇಕೇ?

ಖಂಡಿತ ಇಲ್ಲ. ಹುಡುಗ ಕುಡುಕನಾಗಿದ್ದರೆ, ಸುಳ್ಳುಗಾರನಾಗಿದ್ದರೆ, ಮಗಳ ಸಂಬಳದ ಮೇಲೆ ಕಣ್ಣಿಟ್ಟಿದ್ದರೆ ಬೇಡ ಅನ್ನಿ. ಕಾರಣ ಕೊಟ್ಟು ಅನ್ನಿ. ಆದರೆ ನಾವು ಬೇಡ ಅನ್ನುತ್ತಿರುವುದು ಹುಡುಗನನ್ನೋ ಅಥವಾ ಅವನ ಅಪ್ಪನ ಮೇಲಿನ ಹಳೇ ಸಿಟ್ಟನ್ನೋ ಎಂದು ನಮ್ಮನ್ನು ನಾವೇ ಒಮ್ಮೆ ಕೇಳಿಕೊಳ್ಳಬೇಕು. ಅಜ್ಜ ಮಾಡಿದ ಸಾಲವನ್ನಾದರೂ ಮೊಮ್ಮಕ್ಕಳು ತೀರಿಸಿಯಾರು, ಅಜ್ಜನ ಹಗೆಯನ್ನು ತೀರಿಸಲು ಆಗುತ್ತದೆಯೇ?

ಕಾನೂನೂ ಸ್ಪಷ್ಟವಾಗಿದೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ವಯಸ್ಕರಿಬ್ಬರು ಒಪ್ಪಿ ಮದುವೆಯಾದರೆ ಮನೆಯವರ, ಜಾತಿಯವರ ಅನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 2021ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಿತು. ಹುಡುಗಿಗೆ ಇನ್ನೂ 18 ಆಗಿಲ್ಲವೆಂದರೆ ‘ಕಾಯಿ, ಮೊದಲು ಓದು ಮುಗಿಸು’ ಅನ್ನುವುದು ತಾಯಿಯ ಹಕ್ಕು, ಕರ್ತವ್ಯವೂ ಹೌದು.

ನೀವು ಹೀಗೆ ಮಾಡಬಹುದು

* ಮಗಳು ಬಂದು ಹೇಳಿದ ದಿನ ತೀರ್ಪು ಕೊಡಬೇಡಿ. ‘ನನಗೆ ಹೇಳಿದ್ದು ಒಳ್ಳೇದಾಯ್ತು’ ಅನ್ನಿ, ಸಾಕು.

* ಮೊಬೈಲ್ ಕಿತ್ತುಕೊಳ್ಳುವುದು, ಕೆಲಸ ಬಿಡಿಸುವುದು, ಕೋಣೆಗೆ ಬೀಗ ಹಾಕುವುದು ಬೇಡ. ಅವಸರದ ನಿಶ್ಚಿತಾರ್ಥವಂತೂ ಬೇಡವೇ ಬೇಡ.

* ಯಜಮಾನರಿಗೆ ನೀವೇ ಸಮಯ ನೋಡಿ ಹೇಳಿ. ಅವರು ಮಾತು ಕೇಳುವ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ.

* ಆ ಮನೆಯ ಹೆಂಗಸಿನ ಜೊತೆ ಒಮ್ಮೆ ಮಾತಾಡಿ. ಆಕೆಯೂ ನಿಮ್ಮಂತೆಯೇ ರಾತ್ರಿ ನಿದ್ದೆ ಬಿಟ್ಟು ಕೂತಿರುತ್ತಾಳೆ.

* ಮಗಳು ಊಟ, ಮಾತು ಬಿಟ್ಟು ಮಂಕಾಗಿದ್ದರೆ ‘ನಾಟಕ’ ಅನ್ನಬೇಡಿ. ಒಬ್ಬಳನ್ನೇ ಬಿಡಬೇಡಿ. ‘ಟೆಲಿ ಮಾನಸ್’ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

* ಮನೆಯಲ್ಲೇ ಯಾರಾದರೂ ಹೊಡೆಯುವ, ಕೊಲ್ಲುವ ಮಾತಾಡಿದರೆ ಸಿಟ್ಟಿನ ಮಾತು ಅಂತ ಬಿಟ್ಟುಬಿಡಬೇಡಿ. ಮಹಿಳಾ ಸಹಾಯವಾಣಿ 181, ಪೊಲೀಸ್ 112.

ನಮ್ಮ ಹುಡುಗಿಯ ಕಥೆ ಏನಾಯಿತು ಅಂತೀರಾ? ಒಂದು ವರ್ಷ ಕಾದು, ಯಡಿಯೂರಿನಲ್ಲೇ ಸರಳವಾಗಿ ಮದುವೆಯಾಯಿತು. ಚಿಕ್ಕಪ್ಪ ಧಾರೆ ಎರೆದರು, ಆದರೆ ಇವತ್ತಿಗೂ ಬೀಗರ ಮನೆಯಲ್ಲಿ ಕಾಫಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಕೇಸೂ ಪೂರ್ತಿ ಮುಗಿದಿಲ್ಲ. ಆದರೆ ಆ ಮೂರು ಮರದ ಕಾಯಿ ಕೆಡವಿದಾಗ ಈಗ ಎರಡೂ ಮನೆಗೆ ಅರ್ಧರ್ಧ ಹೋಗುತ್ತದೆ. ಹಂಚುವವರು ಅಮ್ಮಂದಿರಿಬ್ಬರೇ.

ನಿಮ್ಮ ಮಗಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಾಗ ಒಲೆ ಆರಿಸಿ, ಅವಳ ಕಡೆ ತಿರುಗಿ ಕೂತುಕೊಳ್ಳಿ. ಬೇರೆಯವರ ಹತ್ತಿರ ಹೋಗುವ ಮುಂಚೆ ಅವಳು ನಿಮ್ಮ ಹತ್ತಿರ ಬಂದಿದ್ದಾಳೆ.