ಮರದ ಬಳೆಗೆ ಬೆಲೆ ಕಟ್ಟುವ ಲೆಕ್ಕ

ಚನ್ನಪಟ್ಟಣದ ಮರದ ಬಳೆ, ಓಲೆಗಳನ್ನು ತಾನೇ ತಯಾರಿಸಿ ಕರಕುಶಲ ಮೇಳಗಳಲ್ಲಿ ಮಾರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು, ಬೆಲೆ ಹೇಗೆ ನಿಗದಿಪಡಿಸುತ್ತೀಯೆಂದು ಕೇಳಿದೆ. “ಮರ, ಅರಗಿನ ಖರ್ಚಿನ ಎರಡರಷ್ಟು, ಮೇಷ್ಟ್ರೇ” ಎಂದಳು. ನಾನು ಕಲಿಸಿದ ಗಣಿತ ಇದಲ್ಲ!

ಆಲೆಮರವನ್ನು ಒಣಗಿಸಬೇಕು, ಕಡೆಯಬೇಕು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಆ ಬಿಸಿಗೇ ಬಣ್ಣ ಕರಗಿ ಹತ್ತುವಂತೆ ಮಾಡಬೇಕು, ಬಳಿಕ ಗರಿಯಿಂದ ತಿಕ್ಕಿ ಹೊಳಪು ತರಬೇಕು. ಈ ದುಡಿಮೆ ಅವಳ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಒಂದು ಜೊತೆ ಬಳೆಗೆ ಸಾಮಗ್ರಿ 30 ರೂಪಾಯಿ ಎಂದಿಟ್ಟುಕೊಳ್ಳೋಣ. ಗಂಟೆಗೆ ಮೂರು ಜೊತೆಯಾದರೆ, ಗಂಟೆಗೆ 120 ರೂಪಾಯಿ ಕೂಲಿಯಂತೆ ಜೊತೆಗೆ 40. ಮಳಿಗೆಯ ಬಾಡಿಗೆ, ಪ್ರಯಾಣ, ಊಟವೆಲ್ಲ ಸೇರಿ 6000 ಆಗಿ, 150 ಜೊತೆ ಮಾರಾಟವಾದರೆ ಮತ್ತೆ 40. ಒಟ್ಟು 110. ಲಾಭವಿನ್ನೂ ಸೇರಿಲ್ಲ, ಅವಳು ಮಾರುತ್ತಿರುವುದು 60ಕ್ಕೆ!

ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಮಳಿಗೆಗೆ ಹೋಗುತ್ತಾನೆಂಬ ಅವಳ ಅಂಜಿಕೆ ಸುಳ್ಳಲ್ಲ. ಆದರೆ ಪಕ್ಕದವನೂ ಇವಳಿಗೆ ಅಂಜಿಯೇ ಬೆಲೆ ಇಳಿಸಿರುತ್ತಾನೆ. ಅಗ್ಗದ್ದು ಬೇಕೆನ್ನುವವರಿಗೆ ಬೇಗ ಮುಗಿಯುವ ಸಣ್ಣ ಮಣಿ, ಕೀಲಿಗೊಂಚಲುಗಳನ್ನು ಇಡಲಿ. ಬಳೆಯ ಬೆಲೆಯನ್ನು ಚೀಟಿಯಲ್ಲಿ ಬರೆದು ಅಂಟಿಸಲಿ. (ಚೌಕಾಸಿಯಲ್ಲಿ ನಿಸ್ಸೀಮರಾದ ನಮ್ಮ ಬಂಧುಗಳು ಮನ್ನಿಸಬೇಕು.) ಕಡೆಯ ದಿನದ ಸಂಜೆ ಅರ್ಧ ಬೆಲೆಗೆ ಕೊಟ್ಟುಬಿಡುವುದೂ ನನಗೆ ಸಮ್ಮತವಲ್ಲ, ಬಾಡಿಹೋಗಲು ಅದೇನು ಸೊಪ್ಪೇ? ಮುಂದಿನ ಮೇಳಕ್ಕೂ ಅದೇ ಬಳೆ, ಅದೇ ಬೆಲೆ.